ಕಣ್ಣಿನ ಹಿಂದಿನ ಕತ್ತಲು

ಮೂಡುಬಿದಿರೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದಾಗ, ಬೆಳ್ತಂಗಡಿ ಕಡೆಯ ಜಮೀನ್ದಾರರಾದ ಜೈನ ಧನಿಗಳೊಬ್ಬರು ತಮ್ಮ ಜಾಗದಲ್ಲಿ ಹರಿಯುವ ತೋಡಿನ ನೀರನ್ನು ಕ್ಯಾನಿನಲ್ಲಿ ತುಂಬಿಸಿ ಕೊಟ್ಟರು. ಮೇಲ್ಗಡೆ ಶೆಡ್ಡಿನಲ್ಲಿ ರಬ್ಬರ್ ಶೀಟು ಮಾಡುವವನು ಆಸಿಡ್ ನೀರನ್ನು ತೋಡಿಗೆ ಬಿಡುತ್ತಾನೆಂಬುದು ಅವರ ಅನುಮಾನ. ಆ ನೀರಿನಲ್ಲಿ ಪುಟ್ಟ ಮೀನಿನ ಭ್ರೂಣಗಳನ್ನು ಬೆಳೆಸಿದೆ. ಹೋಲಿಸಿ ನೋಡಲು ಶುದ್ಧ ನೀರಿನಲ್ಲೂ ಕೆಲವನ್ನು ಇಟ್ಟೆ.

ನಮ್ಮ ಮೈಕ್ರೋಸ್ಕೋಪು ಒಂದು ಬದಿಯಿಂದ ಬೆಳಕು ಹಾಯಿಸಿ ಭ್ರೂಣವನ್ನು ಪದರ ಪದರವಾಗಿ ಚಿತ್ರ ತೆಗೆದು, ಎಲ್ಲವನ್ನೂ ಜೋಡಿಸಿ ಇಡೀ ತಲೆಯನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ತೋಡಿನ ನೀರಿನ ಭ್ರೂಣಗಳಲ್ಲಿ ಕಣ್ಣಿನ ಹಿಂದೆ, ಮಿದುಳಿರಬೇಕಾದಲ್ಲಿ, ಒಂದು ಕಪ್ಪು ಖಾಲಿ ಜಾಗ ಕಂಡಿತು. ಜೀವಕೋಶಗಳೇ ಇಲ್ಲ. ಒಂದರಲ್ಲಲ್ಲ, ಎಲ್ಲದರಲ್ಲೂ. ಶುದ್ಧ ನೀರಿನವುಗಳಲ್ಲಿ ಅದಿರಲಿಲ್ಲ. ಶೆಡ್ಡಿನವನು ಸಿಕ್ಕಿಬಿದ್ದ ಎಂದುಕೊಂಡೆ. ಧನಿಗಳಿಗೆ ಫೋನಿನಲ್ಲಿ ಸ್ವಲ್ಪ ಸುಳಿವನ್ನೂ ಕೊಟ್ಟೆ. ಹಾಗೆ ಮಾಡಬಾರದಿತ್ತು.

ಮೈಕ್ರೋಸ್ಕೋಪು ನೋಡಿಕೊಳ್ಳುತ್ತಿದ್ದವರು ಸಿದ್ಧಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಬ್ಯಾರಿ ಹೆಂಗಸು, ಮಿತಭಾಷಿ. ಚಿತ್ರವನ್ನು ತುಂಬ ಹೊತ್ತು ನೋಡಿ ಕೇಳಿದರು:

"ಮೇಡಂ, ಈ ಖಾಲಿ ಯಾವಾಗಲೂ ಬೆಳಕು ಬರುವ ಬದಿಯ ಕಣ್ಣಿನ ಹಿಂದೆಯೇ ಉಂಟಲ್ಲ?"

"ಅದಕ್ಕೇನು?"

"ನನಗೆ ಡೌಟು. ಭ್ರೂಣವನ್ನು ಮಗುಚಿ ಹಾಕಿ ಇನ್ನೊಮ್ಮೆ ತೆಗೆಯುವ."

ನನಗೆ ಸಿಟ್ಟು ಬಂತು. ಇವರಿಗೆ ಆ ಶೆಡ್ಡಿನವನ ಪರಿಚಯವಿರಬಹುದೇ ಎಂಬ ಸಣ್ಣ ಯೋಚನೆಯೂ ಹಾದುಹೋಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಭ್ರೂಣವನ್ನು ಹಿಡಿದಿಟ್ಟಿದ್ದ ಅಗರ್ ಎಂಬ ಅಂಟನ್ನು ಬಿಡಿಸಿ ಅದನ್ನೇ ಇನ್ನೊಂದು ಮಗ್ಗುಲಿಗೆ ಮಲಗಿಸಿದರು. ಹೊಸ ಚಿತ್ರದಲ್ಲಿ ಮೊದಲು ಖಾಲಿಯಿದ್ದ ಜಾಗದ ತುಂಬ ಜೀವಕೋಶಗಳು ಹೊಳೆಯುತ್ತಿದ್ದವು. ಕಪ್ಪು ಈಗ ಮತ್ತೊಂದು ಕಣ್ಣಿನ ಹಿಂದಿತ್ತು.

"ಗಾಯವಾದರೆ ಭ್ರೂಣದೊಟ್ಟಿಗೇ ತಿರುಗಬೇಕಿತ್ತು," ಎಂದರು. "ಇದು ನೆರಳು. ಕಣ್ಣಿನ ಕಪ್ಪು ಬಣ್ಣ ಬೆಳಕನ್ನು ತಡೀತದೆ."

"ಹಾಗಾದರೆ ಶುದ್ಧ ನೀರಿನದ್ದರಲ್ಲಿ ಯಾಕಿಲ್ಲ?" ಎಂದು ಕೇಳುತ್ತಿರುವಾಗಲೇ ಉತ್ತರ ಹೊಳೆಯಿತು. ಚಿತ್ರ ತಿಳಿಯಾಗಿ ಬರಲೆಂದು ಭ್ರೂಣಕ್ಕೆ ಕಪ್ಪು ಬಣ್ಣ ಬಾರದಂತೆ ಮಾಡುವ ಔಷಧವನ್ನು ನಾನು ಶುದ್ಧ ನೀರಿಗೆ ಮಾತ್ರ ಹಾಕಿದ್ದೆ. ತೋಡಿನ ನೀರಿನಲ್ಲಿರುವುದರ ಜೊತೆ ಸೇರಿ ಅದು ಏನಾದರೂ ಮಾಡೀತೆಂದು ಅಲ್ಲಿ ಹಾಕದೆ ಬಿಟ್ಟಿದ್ದೆ. ವ್ಯತ್ಯಾಸ ತಂದವಳು ನಾನೇ.

ಎರಡೂ ನೀರಿಗೆ ಔಷಧ ಹಾಕಿ ಹೊಸ ಭ್ರೂಣಗಳನ್ನು ಬೆಳೆಸಿದೆವು. ಎರಡು ಮಗ್ಗುಲಿನಿಂದಲೂ ನೋಡಿದೆವು. ಯಾವುದರಲ್ಲೂ ಖಾಲಿ ಕಾಣಲಿಲ್ಲ.

ಧನಿಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನೀರು ಒಳ್ಳೆಯದೆಂದು ಇದರ ಅರ್ಥವಲ್ಲ, ನಾನು ಕಂಡದ್ದು ಮಾತ್ರ ಸುಳ್ಳು ಎಂದೆ.

"ಮೊನ್ನೆ ಉಂಟು ಅಂದ್ರಿ, ಇವತ್ತು ಇಲ್ಲ ಅಂತೀರಿ," ಎಂದರು ಧನಿಗಳು, ನಿಧಾನವಾಗಿ. "ಆ ಶೆಡ್ಡಿನವನು ನಿಮ್ಮ ಹತ್ತಿರವೂ ಬಂದಿದ್ದನಾ ಟೀಚರೇ?"