ಗೇಟಿನ ಕದಿರಪ್ಪನ ಜಡ್ತಿ

ನಂದಿದುರ್ಗದ ಬಂಗಾರದ ಗಣಿ ಗೇಟಿನಲ್ಲಿ ಕದಿರಪ್ಪನದು ಜಡ್ತಿ, ಅಂದರೆ ಮೈಕೈ ತಡವಿ ತಪಾಸಣೆ ಮಾಡುವ ಕೆಲಸ. ಪಾಳಿ ಮುಗಿಸಿ ಮೇಲೆ ಬಂದವರ ಟಿಫನ್ ಡಬ್ಬಿ, ತಲೆಗೂದಲು, ಬಾಯಿ, ಯಾವುದನ್ನೂ ಬಿಟ್ಟವನಲ್ಲ. ಒಂದು ಚೂರು ಬಂಗಾರದ ಕಲ್ಲು ಅವನ ಕಣ್ಣು ತಪ್ಪಿಸಿ ಆಚೆ ಹೋಗಲಿ ನೋಡೋಣ. ಆದರೆ ಗೇಟನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಬರುವುದು ಮಾತ್ರ ಈ ಮಹಾರಾಯನಿಗೆ ಒಗ್ಗಲಿಲ್ಲ. ಮಗಳು ವೆಂಕಟರತ್ನ ಒಂದನೇ ಕ್ಲಾಸಿನಿಂದಲೂ ಮನೆಗೆ ಬಂದ ಕೂಡಲೇ ಚೀಲವನ್ನು ಅಪ್ಪನ ಮುಂದೆ ಸುರಿಯಬೇಕಿತ್ತು. ಒಂದು ಬಳಪ ಹೆಚ್ಚಿಗೆ ಕಂಡರೂ ಯಾರದು ಎಂದು ಕೇಳುವವನೇ.

ತೊಂಬತ್ತನಾಲ್ಕರಲ್ಲಿ ಆ ಹುಡುಗಿ ಕಂಪ್ಯೂಟರ್ ಗ್ರಾಫಿಕ್ಸ್ ಓದಲು ಬೆಂಗಳೂರಿನ ವಿಶ್ವವಿದ್ಯಾಲಯ ಸೇರಿ ಹಾಸ್ಟೆಲಿನಲ್ಲಿ ಉಳಿದಳು. ಕದಿರಪ್ಪ ಅಷ್ಟರಲ್ಲಿ ರಿಟೈರಾಗಿದ್ದ. ಅವನ ಅನುಮಾನ ರಿಟೈರಾಗಿರಲಿಲ್ಲ. ಒಂದು ವಾರ, ಶುಕ್ರವಾರ ಸಂಜೆ ಬರಬೇಕಾದ ಮಗಳು ಶನಿವಾರ ಮಧ್ಯಾಹ್ನ ಬಂದಳು. ಕಂಪ್ಯೂಟರ್ ಒಂದು ಪಟ ಬರೆಯುತ್ತಿತ್ತು, ಬಿಟ್ಟು ಬರುವ ಹಾಗಿರಲಿಲ್ಲ ಎಂದಳು.

"ಒಂದು ಪಟಕ್ಕೆ ರಾತ್ರಿ ಪೂರಾ ಬೇಕಾ? ಸ್ಟುಡಿಯೋದವನು ಕಣ್ಣು ಮಿಟುಕಿಸೋದ್ರೊಳಗೆ ತೆಗೀತಾನೆ ಕಣಮ್ಮ."

"ಅದು ಫೋಟೋ ಅಲ್ಲಪ್ಪ. ಇಲ್ದೇ ಇರೋ ವಸ್ತು ಮ್ಯಾಲೆ ಬೆಳಕು ಬಿಟ್ಟು ನೋಡೋದು."

ಇಷ್ಟು ಸೊಗಸಾದ ಸುಳ್ಳನ್ನು ಗೇಟಿನಲ್ಲಿ ಯಾವನೂ ಹೇಳಿರಲಿಲ್ಲ. ಯಾವನೋ ಇದ್ದಾನೆ ಎಂದು ಕದಿರಪ್ಪ ತೀರ್ಮಾನಿಸಿಬಿಟ್ಟ. ಸಿಕ್ಕಿಬಿದ್ದರೆ ಓದು ಬಿಡಿಸಿ, ಕಾಮಸಮುದ್ರದ ಅಕ್ಕನ ಮಗನಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು. ಮುಂದಿನ ಶುಕ್ರವಾರ ಹೇಳದೆ ಕೇಳದೆ ಬಂಗಾರಪೇಟೆಯಲ್ಲಿ ರೈಲು ಹತ್ತಿದ.

ಲ್ಯಾಬಿನಲ್ಲಿ ಮಗಳ ಜೊತೆ ನಾಲ್ಕೈದು ಹುಡುಗ ಹುಡುಗಿಯರು ಪರದೆಯ ಮುಂದೆ ಕೂತಿದ್ದರು. ಪರದೆಯಲ್ಲಿ ಅರ್ಧ ಟಿಫನ್ ಡಬ್ಬಿ. ಉಳಿದರ್ಧ ಒಂದೊಂದೇ ಗೆರೆಯಾಗಿ ನಿಧಾನಕ್ಕೆ ಮೂಡುತ್ತಿತ್ತು. ಇವರಲ್ಲಿ ಅವನು ಯಾರು ಎಂದು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಮುಖ ಅಳೆಯುತ್ತಿರುವಾಗ ಮಗಳು ತಿರುಗಿ ನೋಡಿದಳು. ಎದ್ದವಳೇ ಚೀಲದ ಜಿಪ್ ಎಳೆದು ಎಲ್ಲರೆದುರು ಮೇಜಿನ ಮೇಲೆ ಸುರಿದಳು. ಬಾಚಣಿಗೆ, ಕರ್ಚೀಫು, ಒಂದು ಪುಸ್ತಕ, ಒಂದು ಫ್ಲಾಪಿ. ಅವಳು ಯೋಚಿಸಿ ಮಾಡಿದ್ದಲ್ಲ, ಕೈಗೆ ಅಭ್ಯಾಸವಾಗಿಹೋಗಿತ್ತು. ಯಾರೋ ಕಿಸಕ್ಕೆಂದರು.

ಕದಿರಪ್ಪ ನಾಚಿಕೆಯಿಂದ ಕುಗ್ಗಿಹೋದ. ಮಾತು ಬದಲಿಸಲು ಪರದೆಯ ಕಡೆ ಕೈ ತೋರಿದ.

"ಇದ್ಯಾಕಮ್ಮ ಇಷ್ಟು ನಿಧಾನ?"

"ಒಂದೊಂದು ಚುಕ್ಕೇನೂ ನಿಲ್ಸಿ ಕೇಳ್ತದಪ್ಪ. ಬೆಳಕು ಎಲ್ಲಿಂದ ಬಂತು, ದಾರೀಲಿ ಏನು ಅಡ್ಡ ಬಂತು ಅಂತ. ಒಂದ್ನೂ ಬಿಡಾಕಿಲ್ಲ."

"ಜಡ್ತಿ," ಎಂದ ಕದಿರಪ್ಪ.

"ಊಂ, ಜಡ್ತಿ. ಕ್ಲಾಸಲ್ಲಿ ಎಲ್ರಿಗಿಂತ ಮುಂಚೆ ನಂಗೇ ಅರ್ಥ ಆಗಿದ್ದು."

ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು. ಕದಿರಪ್ಪ ಮೇಜಿನ ಮೇಲಿನದನ್ನೆಲ್ಲ ತಾನೇ ಎತ್ತಿ ಚೀಲಕ್ಕೆ ಹಾಕತೊಡಗಿದ. ಫ್ಲಾಪಿ ಕೈಗೆ ಬಂದಾಗ ಇದರೊಳಗೇನಿದೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಜಿಪ್ ಎಳೆದು ಚೀಲವನ್ನು ಮಗಳ ಕೈಗೆ ಕೊಟ್ಟ.