ಸ್ಪ್ರಿಂಗಕ್ಕ ಮತ್ತು ತಾನೇ ತೆರೆಯುವ ಡಬ್ಬಿ

ಬಲ್ಲವರಿಗೆಲ್ಲ ಅವಳು ಸ್ಪ್ರಿಂಗಕ್ಕ. ಹನ್ನೆರಡನೆಯ ವಯಸ್ಸಿಗೇ ಅಪ್ಪನ ಶೆಡ್ಡಿನಲ್ಲಿ ಉಕ್ಕಿನ ತಂತಿ ಸುತ್ತಲು ಕಲಿತವಳು, ಈಗ ಐವತ್ತಾರಕ್ಕೆ ಅದೇ ಶೆಡ್ಡಿನ ಯಜಮಾನಿ. ಪೆನ್ನು, ಬೀಗ, ಸ್ವಿಚ್ಚು, ಹೀಗೆ ಒತ್ತಿದರೆ ಮೇಲೆದ್ದು ಬರುವ ಯಾವ ವಸ್ತುವಿನ ಹೊಟ್ಟೆಯಲ್ಲೂ ಅವಳ ಕೈಕೆಲಸ ಇದ್ದೀತು.

ಒಂದು ದಿನ ಪರದೇಶದ ಕಂಪನಿಯಿಂದ ಪತ್ರ ಬಂತು. ಅವರು ಮಾಡುವುದು ತಾನೇ ತೆರೆದು ತಾನೇ ಮುಚ್ಚುವ ಕಸದ ಡಬ್ಬಿ. ಅದರ ಸ್ಪ್ರಿಂಗ್ ಇವಳ ಶೆಡ್ಡಿನದು. ಅದು ಮುರಿಯುತ್ತಿದೆ, ಬೇರೆಯವರನ್ನು ಹುಡುಕುತ್ತೇವೆ ಎಂದು ಬರೆದಿದ್ದರು.

“ಫೋನಲ್ಲೇ ಮಾತಾಡಿ ಮುಗಿಸೋಣ ಅತ್ತಿಗೆ,” ಎಂದ ಮೈದುನ. ಆ ಕಂಪನಿಯವರ ಭಾಷೆ ಬಲ್ಲವನು ಮನೆಯಲ್ಲಿ ಅವನೊಬ್ಬನೇ.

“ಮುರಿದದ್ದನ್ನ ಕೈಯಲ್ಲಿ ಹಿಡಿದು ನೋಡದೆ ಏನು ಮಾತಾಡ್ತೀಯ? ಪೆಟ್ಟಿಗೆ ಕಟ್ಟು.”

ಆ ದೇಶದ ಹೋಟೆಲ್ಲಿಗೆ ಕಾಲಿಟ್ಟಾಗಿನಿಂದ ಮೈದುನ ಬೆವರುತ್ತಲೇ ಇದ್ದ. ಲಿಫ್ಟಿನ ಒಳಗೆ ಗುಂಡಿಗಳೇ ಇರಲಿಲ್ಲ. ಎಷ್ಟನೆಯ ಮಹಡಿ ಎಂದು ಹೊರಗೇ ಒತ್ತಿ ಬರಬೇಕಿತ್ತಂತೆ. ಇಬ್ಬರೂ ಯಾರ್ಯಾರದೋ ಮಹಡಿಗೆಲ್ಲ ಹೋಗಿ, ಎಲ್ಲರಿಗೂ ನಮಸ್ಕಾರ ಹೇಳಿ, ಕೊನೆಗೆ ತಮ್ಮದನ್ನು ಮುಟ್ಟಿದರು. ಕೋಣೆಯ ದೀಪ ಹತ್ತಬೇಕಾದರೆ ಬಾಗಿಲ ಪಕ್ಕದ ಸೀಳಿಗೆ ಕಾರ್ಡು ತುರುಕಬೇಕು. ಸ್ನಾನದ ಮನೆಯಲ್ಲಿ ತಿರುಪು ಒಂದೇ, ನೀರು ಬರುವ ದಾರಿ ನಾಲ್ಕು. ಸ್ಪ್ರಿಂಗಕ್ಕ ತಲೆ ಮೇಲಿಂದ ಬರುವ ನೀರಿಗೆ ಕಾದು ನಿಂತರೆ, ಅದು ಪಕ್ಕದ ಗೋಡೆಯಿಂದ ಬಂದು ಪಕ್ಕೆಗೆ ಹೊಡೆಯಿತು. ಅವಳು ಒಳಗೆ ಹೋದರೆ ಸಾಕು, ಕಮೋಡಿನ ಮುಚ್ಚಳ ಮೆಲ್ಲನೆ ಮೇಲೇಳುತ್ತಿತ್ತು.

“ಮನೆಯಲ್ಲಿ ನಾನು ಬಂದ್ರೆ ಯಾರೂ ಕದಲಲ್ಲ. ಇಲ್ಲಿ ಇದಾದ್ರೂ ಎದ್ದು ನಿಲ್ಲುತ್ತಲ್ಲ,” ಎಂದಳು ತಿಂಡಿಯ ಮೇಜಿನಲ್ಲಿ. “ಕೀಲು ಒಂದಿಷ್ಟೂ ಸದ್ದು ಮಾಡಲ್ಲ ಕಣೋ. ಯಾರೋ ಚೆನ್ನಾಗಿ ಕೂರಿಸಿದ್ದಾರೆ.”

ಮೈದುನನಿಗೆ ನಗು ಬರಲಿಲ್ಲ. “ಅವರು ಬೈದ್ರೆ ಏನು ಹೇಳಲಿ ಅತ್ತಿಗೆ?”

“ಬೈದದ್ದನ್ನ ನನಗೆ ಹೇಳು. ನಾನು ಹೇಳಿದ್ದನ್ನ ಅವರಿಗೆ ಹೇಳು. ಮಧ್ಯೆ ನಿನ್ನದೇನೂ ಸೇರಿಸಬೇಡ.”

ಕಂಪನಿಯಲ್ಲಿ ಉದ್ದನೆಯ ಮೇಜು. ಆಚೆ ಕಡೆ ನಾಲ್ವರು, ಎದುರಿಗೆ ತಟ್ಟೆಯ ತುಂಬ ಮುರಿದ ಸ್ಪ್ರಿಂಗುಗಳು. ಅವರಲ್ಲಿ ಹಿರಿಯ ಎಂಜಿನಿಯರು ಗೋಡೆಗೆ ಚಿತ್ರ ಬಿಟ್ಟು ಮುಕ್ಕಾಲು ಗಂಟೆ ವಿವರಿಸಿದ: ತಂತಿ ಕಳಪೆ. ಸ್ಪ್ರಿಂಗಕ್ಕ ಚಿತ್ರದ ಕಡೆ ನೋಡಲೇ ಇಲ್ಲ. ಮುರಿದ ತುಂಡುಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು.

“ಕೇಳು ಅವರನ್ನ. ತಂತಿ ಕಳಪೆಯಾಗಿದ್ರೆ ಒಂದೊಂದು ಒಂದೊಂದು ಕಡೆ ಮುರೀಬೇಕಲ್ಲ? ಎಲ್ಲಾ ಒಂದೇ ಕಡೆ ಯಾಕೆ ಮುರಿದಿವೆ? ಒಂದು ಡಬ್ಬಿ ತರಿಸಲಿ.”

ಡಬ್ಬಿ ಬಂತು. ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮುಚ್ಚಳ ಬಿಚ್ಚಿದಳು. ಸ್ಪ್ರಿಂಗಿನ ಕಾಲು, ಎಂದರೆ ತಂತಿಯ ತುದಿ, ಕೂರುವ ತೂತಿನೊಳಗೆ ಕಿರುಬೆರಳಾಡಿಸಿದಳು. ಬೆರಳ ತುದಿಯಲ್ಲಿ ಕೆಂಪು ಗೆರೆ ಮೂಡಿತು. ಆ ಬೆರಳನ್ನೇ ಎಂಜಿನಿಯರಿಗೆ ತೋರಿಸಿದಳು.

“ತೂತಿನ ಅಂಚು ಚಾಕುವಿನ ಹಾಗಿದೆ. ಪ್ರತಿ ಸಲ ಮುಚ್ಚಳ ಎದ್ದಾಗಲೂ ನನ್ನ ಸ್ಪ್ರಿಂಗಿನ ಕಾಲು ಕುಯ್ದು ಕುಯ್ದು ಹೋಗಿದೆ.”

ಮೈದುನ ಅಷ್ಟನ್ನೂ ಹೇಳಿದ. ಏನನ್ನೂ ಬಿಡಲಿಲ್ಲ, ತನ್ನದೇನೂ ಸೇರಿಸಲಿಲ್ಲ. ಎಂಜಿನಿಯರು ಎದ್ದು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ತಾನೂ ಬೆರಳು ಹಾಕಿ ನೋಡಿ, ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಅರ ತರಿಸಿ ಇಬ್ಬರೂ ಸೇರಿ ಅಂಚು ಉಜ್ಜಿದರು. ಪರೀಕ್ಷೆಯ ಯಂತ್ರ ಆ ಮುಚ್ಚಳವನ್ನು ಎರಡು ದಿನ ಬಿಡದೆ ಎಬ್ಬಿಸಿ ಕೂರಿಸಿತು. ಸ್ಪ್ರಿಂಗ್ ಮುರಿಯಲಿಲ್ಲ.

ಹೊರಡುವ ದಿನ ಎಂಜಿನಿಯರು ಬಂದು, ಹೊಸ ಡಬ್ಬಿಯ ನಕ್ಷೆಯನ್ನು ಇನ್ನು ಮುಂದೆ ಮೊದಲು ನಿಮಗೇ ಕಳಿಸುತ್ತೇವೆ ಎಂದ. “ಕಳಿಸಲಿ. ಜೊತೆಗೆ ಡಬ್ಬಿಯನ್ನೂ ಕಳಿಸಲಿ. ಚಿತ್ರದಲ್ಲಿ ಬೆರಳು ಕುಯ್ಯಲ್ಲ,” ಎಂದಳು ಸ್ಪ್ರಿಂಗಕ್ಕ.

ಮರುವರ್ಷ ಅವರು ಮತ್ತೆ ಕರೆದಾಗ, “ತೂತಿಗೆ ಬೆರಳು ಹಾಕಿ ತೋರಿಸೋಕೆ ಭಾಷೆ ಯಾಕೆ?” ಎಂದು ಅವಳು ಒಬ್ಬಳೇ ಹೋದಳು. ಮೈದುನ ವಿಮಾನ ನಿಲ್ದಾಣದವರೆಗೂ ಬಂದು, ನಿರಾಳವಾಗಿ ಕೈಬೀಸಿ ಮನೆಗೆ ಹಿಂತಿರುಗಿದ.