ದೆವ್ವದ ಬಂಗಲೆಯಲ್ಲಿ ನಮ್ಮ ಅತ್ತೆ

ಕಳೆದ ಭಾನುವಾರ ಬೈಲಹೊಂಗಲದ ಸೈಬರ್ ಕೆಫೆಯೊಂದರಲ್ಲಿ ಹಾಡಹಗಲೇ ಕಿಟಾರನೆ ಕಿರುಚಿದ ಹೆಂಗಸು ನಾನೇ. ಊರಲ್ಲಿ ಏನೇನೋ ಸುದ್ದಿ ಹಬ್ಬಿದೆಯಂತೆ. ಜಿರಳೆ ಕಂಡೆ ಎಂದು ಕೆಲವರು, ಮಗಳ ಮಾರ್ಕ್ಸ್ ಕಂಡೆ ಎಂದು ಕೆಲವರು. ಎರಡೂ ಅಲ್ಲ. ನಾನು ಕಂಡದ್ದು ದೆವ್ವವನ್ನು.

ಆಗಿದ್ದಿಷ್ಟು. ಒಂಬತ್ತನೇ ಕ್ಲಾಸಿನ ನನ್ನ ಮಗಳು ನೀಲಾ ಕೆಫೆಗೆ ಹೋಗಿ ದೆವ್ವದ ಗೇಮ್ ಆಡುತ್ತಾಳೆಂದು ಗೊತ್ತಾಯಿತು. ಒಬ್ಬೊಬ್ಬರು ಒಂದೊಂದು ಊರಲ್ಲಿ ಕೂತು, ಇಂಟರ್‌ನೆಟ್ಟಿನಲ್ಲಿ ಜೊತೆಯಾಗಿ, ಪಾಳುಬಂಗಲೆಯ ದೆವ್ವದಿಂದ ತಪ್ಪಿಸಿಕೊಳ್ಳುವ ಆಟ. ನಮ್ಮವರು ಕೇಳಿದ ಕೂಡಲೇ ಬಂದ್ ಎಂದರು. ನೀಲಾ ಊಟ ಬಿಟ್ಟಳು. (ಮಿರ್ಚಿ ಭಜಿ ಊಟದ ಲೆಕ್ಕಕ್ಕಿಲ್ಲವಂತೆ.) ಕೊನೆಗೆ, ನೀನೇ ಹೋಗಿ ನೋಡಿ ತೀರ್ಮಾನ ಹೇಳು ಎಂದು ನನ್ನ ತಲೆಗೆ ಕಟ್ಟಿದರು.

ನೋಡುವುದೆಂದರೆ ಏನು ನೋಡುವುದು? ಬದನೆಕಾಯಿಯಾದರೆ ಹಿಚುಕಿ ನೋಡಬಹುದು. ರಕ್ತ ಎಷ್ಟು, ಚೀರಾಟ ಎಷ್ಟು, ಮಗಳು ನಿದ್ದೆಯಲ್ಲಿ ಬೆಚ್ಚುತ್ತಾಳೋ ಇಲ್ಲವೋ ಎಂದು ನನಗೆ ತಿಳಿದಂತೆ ತಯಾರಾದೆ. ಧೈರ್ಯಕ್ಕಿರಲಿ ಎಂದು ಅತ್ತೆಯನ್ನೂ ಕರೆದೆ. ದೊಡವಾಡದಲ್ಲಿ ಹುಟ್ಟಿ ಬೆಳೆದ ಅತ್ತೆ, ಎಮ್ಮೆ ಕೊಳ್ಳಲು ಹೊರಟವರಂತೆ ಸೆರಗು ಬಿಗಿದು ಬಂದರು. (ಎಲೆಅಡಿಕೆ ಚೀಲ ಸಮೇತ.)

ಆಟ ಶುರುವಾಯಿತು. ಬಾಗಿಲ ಹಿಂದಿನಿಂದ ಕೂದಲು ಕೆದರಿಕೊಂಡ ಹೆಣ್ಣು ದೆವ್ವ ಹಾರಿತು. ಮುಂದಿನ ಕಿರುಚಾಟ ನಿಮಗೆ ಗೊತ್ತೇ ಇದೆ. ಅತ್ತೆ ಮಾತ್ರ ಕಣ್ಣು ಮಿಟುಕಿಸಲಿಲ್ಲ. ಇದಕ್ಕೆ ತಲೆ ಬಾಚುವವರು ಯಾರೂ ಇಲ್ಲವೇ ಎಂದು ವಿಚಾರಿಸಿ, ಸ್ಕ್ರೀನಿನ ಮೂಲೆಯಲ್ಲಿದ್ದ ಹೆಸರುಗಳತ್ತ ಬೆರಳು ಮಾಡಿದರು.

"ಇವ್ರೆಲ್ಲಾ ಯಾರ ಪೈಕಿ?"

ಗೊತ್ತಿಲ್ಲ ಆಯಿ, ಜೊತೆಗೆ ಆಡುವವರು ಅಷ್ಟೇ, ಎಲ್ಲ ಕನ್ನಡದವರೇ ಎಂದು ನೀಲಾ ಅಜ್ಜಿಗೆ ಹೇಳಿದಳು. ಅತ್ತೆ ಹೌಹಾರಿದರು. ಯಾರ ಮನೆಯವರೆಂದೇ ಗೊತ್ತಿಲ್ಲದವರ ಜೊತೆ ಕತ್ತಲ ಬಂಗಲೆಯಲ್ಲಿ ತಿರುಗುವುದೇ? ಈಗಲೇ ಕೇಳು ಎಂದರು. ಅವರು ಹೇಳಿದ್ದನ್ನು ನೀಲಾ ಟೈಪ್ ಮಾಡುತ್ತಾ ಹೋದಳು. ಯಾವೂರು? ಯಾರ ಮಗ? ಊಟ ಆಯಿತೇ?

'ಡೆವಿಲ್ ಕಿಂಗ್' ಎಂಬ ಭಯಂಕರ ಹೆಸರಿನವನು ಹೂಲಿಯ ಹುಡುಗ, ಧಾರವಾಡದ ಹಾಸ್ಟೆಲಿನಲ್ಲಿದ್ದಾನೆ. ಅವನ ಅಜ್ಜಿ ನಮ್ಮ ಅತ್ತೆಗೆ ಬೀಗರ ಕಡೆಯವಳು! ಪರೀಕ್ಷೆ ಮುಗಿಯಿತೇ ಎಂದು ಅತ್ತೆ ಕೇಳಿಸಿದರು. ಇಲ್ಲರಿ ಆಯಿ, ಓದಾಕ ಹೊಂಟೆ ಎಂದು ಬರೆದು ಡೆವಿಲ್ ಕಿಂಗ್ ಮಾಯವಾದ.

ಉಳಿದವನು 'ಲೋನ್ಲಿ ಪ್ರಿನ್ಸ್'. ಬಹಳ ಒಳ್ಳೆಯವನು, ದೆವ್ವ ಬಂದಾಗೆಲ್ಲ ನನ್ನನ್ನು ಉಳಿಸುತ್ತಾನೆ ಎಂದು ನೀಲಾ ಶಿಫಾರಸು ಮಾಡಿದಳು. ಅವನು ಅತ್ತೆಯ ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಬದಲಿಗೆ ತಾನೇ ಕೇಳಿದ. ಯಾವ ಸ್ಕೂಲು? ಫೋಟೊ ಕಳಿಸುತ್ತೀಯಾ? ಮನೆಯಲ್ಲಿ ಒಬ್ಬಳೇ ಇರುವುದು ಯಾವಾಗ?

ನೀಲಾ ಓದಿ ಹೇಳಿದಳು. ಇದನ್ನೆಲ್ಲ ಮೊದಲೂ ಕೇಳಿದ್ದನೇ ಎಂದೆ. ಕೇಳಿದ್ದ, ನಾನು ಇನ್ನೂ ಹೇಳಿಲ್ಲ ಎಂದಳು. ಆ 'ಇನ್ನೂ' ಕೇಳಿ ನಾನು ಕುರ್ಚಿಯನ್ನು ಅವಳ ಪಕ್ಕಕ್ಕೇ ಎಳೆದುಕೊಂಡೆ.

"ಬರಿಯವ್ವಾ," ಎಂದರು ಅತ್ತೆ, ಅಡಿಕೆ ಕತ್ತರಿಸುತ್ತಲೇ. "ಆಕಿ ಎಂದೂ ಒಬ್ಬಾಕಿ ಇರೂದಿಲ್ಲ, ನಾ ಇರತೇನಿ. ನಿಮ್ಮವ್ವನ ಫೋನ್ ನಂಬರ್ ಕೊಡಪಾ, ಸ್ವಲ್ಪ ಮಾತಾಡೂದೈತಿ."

ಪ್ರಿನ್ಸ್ ಪರಾರಿ! ಬಂಗಲೆಯಲ್ಲಿ ನೀಲಾ ಮತ್ತು ದೆವ್ವ ಇಬ್ಬರೇ ಉಳಿದರು.

ಈಗ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಆಡಲಿ, ಆದರೆ ಯಾರೆಂದು ಗೊತ್ತಿದ್ದವರ ಜೊತೆ, ಆಯಿ ಪಕ್ಕದಲ್ಲಿ ಕೂತಾಗ. ಕೆಫೆಯ ಮಾಲೀಕರು ಮಾತ್ರ ಇದಕ್ಕೆ ಒಪ್ಪುತ್ತಿಲ್ಲ. ಅತ್ತೆ ಹೊರಬರುವಾಗ ಒಂದೊಂದೇ ಕ್ಯಾಬಿನ್ನಿನ ಪರದೆ ಸರಿಸಿ ನೀ ಯಾರ ಪೈಕಿ ಎಂದು ಕೇಳಿದ್ದರಿಂದ ಗಿರಾಕಿಗಳೆಲ್ಲ ಎದ್ದುಹೋದರಂತೆ.

ಮನೆಗೆ ಬಂದರೆ ನಮ್ಮವರದು ಒಂದೇ ಪ್ರಶ್ನೆ. ದೆವ್ವ ಬಹಳ ಭಯಂಕರವಾಗಿತ್ತೇ?

ಪಾಪ, ಆ ದೆವ್ವ ಒಮ್ಮೆಯಾದರೂ ನನ್ನ ಮಗಳನ್ನು 'ಮನೆಯಲ್ಲಿ ಒಬ್ಬಳೇ ಇರುವುದು ಯಾವಾಗ' ಎಂದು ಕೇಳಿತ್ತೇ?